ಕಾಸಿಂ ರಜ್ವಿ: ಭಾಷಣಕ್ಕಲ್ಲ, ದರೋಡೆಗೆ ಶಿಕ್ಷೆ

ಸೊಲ್ಲಾಪುರದಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ನಳದುರ್ಗ ಸಿಗುತ್ತದೆ. ಅಕ್ಕಲಕೋಟೆ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿದರೆ ದುಧನಿ ದಾಟಿದ ಮೇಲೆ ಗಾಣಗಾಪುರ ರೋಡ್ ನಿಲ್ದಾಣ ಬರುತ್ತದೆ. ಇಂದು ಮೊದಲನೆಯದು ಧಾರಾಶಿವ ಜಿಲ್ಲೆಯ ಊರು, ಎರಡನೆಯದು ಕಲಬುರಗಿ ಜಿಲ್ಲೆಯ ನಿಲ್ದಾಣ. 1948ರಲ್ಲಿ ಎರಡೂ ಪರರಾಜ್ಯ. ಸೊಲ್ಲಾಪುರ ಮುಂಬಯಿ ಪ್ರಾಂತ್ಯದಲ್ಲಿತ್ತು. ಭೋಸಲೆ ಮನೆತನದ ಪುಟ್ಟ ಸಂಸ್ಥಾನವಾಗಿದ್ದ ಅಕ್ಕಲಕೋಟೆ ಅದೇ ವರ್ಷ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತ್ಯವನ್ನು ಸೇರಿತ್ತು. ಗಡಿಯ ಆಚೆ ನಿಜಾಮನ ಆಳ್ವಿಕೆ ಇತ್ತು. ಆ ಆಳ್ವಿಕೆಯ ಕೊನೆಯ ಹದಿನೆಂಟು ತಿಂಗಳು ಗಡಿಯ ಎರಡೂ ಬದಿಯ ಕನ್ನಡ, ಮರಾಠಿ ಹಳ್ಳಿಗಳ ನಿದ್ದೆ ಕೆಡಿಸಿದ ಹೆಸರು ಒಂದೇ. ಅದು ಲಾತೂರಿನ ವಕೀಲ ಸೈಯದ್ ಕಾಸಿಂ ರಜ್ವಿಯದು.

ರಜ್ವಿ ಹುಟ್ಟಿದ್ದು 1902ರಲ್ಲಿ. ಅಲಿಗಢದಲ್ಲಿ ಕಾನೂನು ಓದಿ ಅಂದಿನ ಉಸ್ಮಾನಾಬಾದ್ ಜಿಲ್ಲೆಯ ಲಾತೂರಿಗೆ ಬಂದು ವಕೀಲಿ ಹಚ್ಚಿದ. ಲಾತೂರು ಆಗಲೇ ಧಾನ್ಯ, ಹತ್ತಿಯ ಪೇಟೆ. ಕೋರ್ಟು ಕಚೇರಿಗೆ ಕೆಲಸಕ್ಕೇನೂ ಕಡಿಮೆ ಇರಲಿಲ್ಲ. ತೆಳ್ಳನೆಯ ಮೈ, ಗಡ್ಡ, ಮೇಲೆ ತುರ್ಕಿ ಟೋಪಿ. ಎದುರಿಗಿದ್ದವರನ್ನು ಚುಚ್ಚುವಂತೆ ನೋಡುವ ಕಣ್ಣು. ಆತನನ್ನು ಕಂಡವರೆಲ್ಲ ಈ ಕಣ್ಣಿನ ಮಾತು ಎತ್ತದೆ ಬಿಟ್ಟಿಲ್ಲ. ಜಿಲ್ಲಾ ಮಟ್ಟದ ಸಾಧಾರಣ ವಕೀಲನಾಗಿಯೇ ಉಳಿಯಬಹುದಾಗಿದ್ದ ಮನುಷ್ಯ ಅವನು. ಅವನನ್ನು ಎತ್ತಿ ನಿಲ್ಲಿಸಿದ್ದು ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್.

ಆ ಸಂಘಟನೆ 1927ರಷ್ಟು ಹಳೆಯದು. ಬಹಾದುರ್ ಯಾರ್ ಜಂಗ್ ಎಂಬ ಜಹಗೀರದಾರ ಅದಕ್ಕೆ ರಾಜಕೀಯ ಕಸುವು ತುಂಬಿದರು. ಅವರೂ ದೊಡ್ಡ ಭಾಷಣಕಾರರು. ಹೈದರಾಬಾದಿನ ಒಡೆತನ ನಿಜಾಮನೊಬ್ಬನದಲ್ಲ, ರಾಜ್ಯದ ಪ್ರತಿಯೊಬ್ಬ ಮುಸಲ್ಮಾನನೂ ಅದರಲ್ಲಿ ಪಾಲುದಾರ ಎಂಬುದು ಮಜ್ಲಿಸ್‌ನ ಸಿದ್ಧಾಂತ. ಲೆಕ್ಕ ನೋಡಿದರೆ 1941ರ ಜನಗಣತಿಯಲ್ಲಿ ಆ ರಾಜ್ಯದ ಜನಸಂಖ್ಯೆ ಸುಮಾರು 1 ಕೋಟಿ 63 ಲಕ್ಷ. ಅದರಲ್ಲಿ ನೂರಕ್ಕೆ ಎಂಬತ್ತೈದರಷ್ಟು ಹಿಂದೂಗಳು. ತೆಲುಗು, ಮರಾಠಿ, ಕನ್ನಡ ಮಾತಾಡುವ ಈ ಜನಕ್ಕೆ ಆ ಒಡೆತನದಲ್ಲಿ ಪಾಲಿರಲಿಲ್ಲ. 1944ರಲ್ಲಿ ಬಹಾದುರ್ ಯಾರ್ ಜಂಗ್ ತೀರಿಕೊಂಡರು. ಎರಡು ವರ್ಷಗಳ ಒಳಜಗಳದ ನಂತರ, 1946ರ ಕೊನೆಯಲ್ಲಿ ಅಧ್ಯಕ್ಷನ ಕುರ್ಚಿ ಲಾತೂರಿನ ವಕೀಲನಿಗೆ ಬಂತು.

ಅಲ್ಲಿಂದ ರಜ್ವಿ ಎರಡು ಕೆಲಸ ಮಾಡಿದ. ಒಂದು, ಮಾತಾಡಿದ. ಇನ್ನೊಂದು, ರಜಾಕಾರರನ್ನು ಕಟ್ಟಿದ. ರಜಾಕಾರ ಎಂದರೆ ಸ್ವಯಂಸೇವಕ, ಅಷ್ಟೇ ಅರ್ಥ. ಆದರೆ ಗಡಿನಾಡಿನ ಕನ್ನಡದಲ್ಲಿ ಆ ಶಬ್ದಕ್ಕೆ ಬಂದ ಅರ್ಥವೇ ಬೇರೆ. ಖಾಕಿ ಬಟ್ಟೆ, ಬರ್ಚಿ, ಕತ್ತಿ, ಕೆಲವರ ಕೈಯಲ್ಲಿ ಬಂದೂಕು. ಊರೂರಲ್ಲಿ ಕವಾಯತು. ಸೇರಿದವರ ಸಂಖ್ಯೆ ಲಕ್ಷ ಮೀರಿದೆ ಎಂದು ಮಜ್ಲಿಸ್ ಕೊಚ್ಚಿಕೊಳ್ಳುತ್ತಿತ್ತು.

ಈ ಮಾತು ಯಾಕೆ ಹತ್ತಿಕೊಂಡಿತು ಎಂಬುದನ್ನೂ ನೋಡಬೇಕು. ದೇಶ ವಿಭಜನೆಯ ರಕ್ತಪಾತದ ಸುದ್ದಿ ದಿನಾ ಬರುತ್ತಿತ್ತು. ಸುತ್ತಲಿನ ಪ್ರಾಂತ್ಯಗಳಿಂದ ಹೆದರಿ ಬಂದ ಮುಸಲ್ಮಾನ ಕುಟುಂಬಗಳು ಹೈದರಾಬಾದ್ ಸೇರುತ್ತಿದ್ದವು. ರಾಜ್ಯ ಹೋದರೆ ನೌಕರಿ ಹೋಯಿತು ಎಂದು ಗುಮಾಸ್ತನಿಂದ ಪೋಲಿಸ್ ಪೇದೆಯವರೆಗೆ ಎಲ್ಲರಿಗೂ ಅಂಜಿಕೆ. ಈ ಅಂಜಿಕೆ ಸುಳ್ಳಾಗಿರಲಿಲ್ಲ. ರಜ್ವಿ ಅದಕ್ಕೆ ಔಷಧ ಕೊಡಲಿಲ್ಲ, ಕತ್ತಿ ಕೊಟ್ಟ. ಲಕ್ಷ ಲಕ್ಷ ಬಡ ಮುಸಲ್ಮಾನರು ತಮ್ಮ ಹೊಲ, ಮಗ್ಗ, ಅಂಗಡಿ ಬಿಟ್ಟು ಎಲ್ಲಿಗೂ ಹೋಗಲಾರರು, ನಾಳೆ ಇದೇ ನೆರೆಹೊರೆಯಲ್ಲಿ ಬದುಕಬೇಕು ಎಂಬ ಸಾದಾ ವಿಚಾರಕ್ಕೆ ಅವನ ಭಾಷಣಗಳಲ್ಲಿ ಜಾಗವಿರಲಿಲ್ಲ.

ಗಡಿಯಲ್ಲಿ ಆ ವರ್ಷ

1947ರ ಅಕ್ಟೋಬರ್ ಕೊನೆಯ ವಾರ ರಜ್ವಿಯ ಬಲ ಎಷ್ಟೆಂದು ನಿಜಾಮನಿಗೇ ತಿಳಿಯಿತು. ದಿಲ್ಲಿಯೊಂದಿಗೆ ಯಥಾಸ್ಥಿತಿ ಒಪ್ಪಂದಕ್ಕೆ ಹೊರಟಿದ್ದ ನಿಯೋಗದ ಮನೆಗಳಿಗೆ ಮಜ್ಲಿಸ್ ಜನ ಮುತ್ತಿಗೆ ಹಾಕಿ, ಅವರು ವಿಮಾನ ಹತ್ತದಂತೆ ಮಾಡಿದರು. ನಿಯೋಗದಲ್ಲಿ ಪ್ರಧಾನಿ ಛತಾರಿ ನವಾಬರು, ಇಂಗ್ಲೆಂಡಿನ ವಕೀಲ ವಾಲ್ಟರ್ ಮಾಂಕ್ಟನ್ ಮೊದಲಾದವರಿದ್ದರು. ಬೇರೆ ರಾಜ್ಯವಾಗಿದ್ದರೆ ಮುತ್ತಿಗೆ ಹಾಕಿಸಿದವ ಮರುದಿನ ಜೈಲಿನಲ್ಲಿರುತ್ತಿದ್ದ. ಇಲ್ಲಿ ಪ್ರಧಾನಿಯೇ ಹೋದರು, ರಜ್ವಿಗೆ ಬೇಕಾದ ಮೀರ್ ಲಾಯಕ್ ಅಲಿ ಆ ಜಾಗಕ್ಕೆ ಬಂದರು. ನವೆಂಬರ್ 29ರಂದು ಒಪ್ಪಂದಕ್ಕೆ ಸಹಿ ಬಿತ್ತಾದರೂ ರಾಜ್ಯ ನಡೆಸುವ ಕೈ ಯಾವುದು ಎಂಬುದು ಊರಿಗೆಲ್ಲ ಗೊತ್ತಾಗಿತ್ತು.

ಅದೇ ಸರಕಾರ ಕಾನೂನನ್ನು ಬಳಸುತ್ತಿರಲಿಲ್ಲ ಎನ್ನುವಂತಿಲ್ಲ. ಬಳಸುತ್ತಿತ್ತು, ಒಂದೇ ಕಡೆಗೆ. ಸ್ವಾಮಿ ರಮಾನಂದ ತೀರ್ಥರು ಸಿಂದಗಿಯಲ್ಲಿ ಹುಟ್ಟಿ ಸೊಲ್ಲಾಪುರದಲ್ಲಿ ಓದಿದವರು. ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ರಾಷ್ಟ್ರೀಯ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು. ವಯಸ್ಸಿನಲ್ಲಿ ರಜ್ವಿಗಿಂತ ಒಂದು ವರ್ಷ ಸಣ್ಣವರು. ಇಬ್ಬರೂ ಒಂದೇ ಜಿಲ್ಲೆಯಿಂದ ಸಾರ್ವಜನಿಕ ಜೀವನಕ್ಕೆ ಬಂದವರು. 1947ರ ಆಗಸ್ಟ್ 15ರಂದು ತ್ರಿವರ್ಣ ಧ್ವಜ ಹಾರಿಸಲು ಹೊರಟ ಸ್ವಾಮೀಜಿಯನ್ನು ನಿಜಾಮ ಸರಕಾರ ಬಂಧಿಸಿತು. ನವೆಂಬರ್ ಕೊನೆಗೆ ಬಿಟ್ಟು, ಜನವರಿಯಲ್ಲಿ ಮತ್ತೆ ಹಿಡಿದು, 1948ರ ಸೆಪ್ಟೆಂಬರ್ 17ರವರೆಗೆ ಒಳಗಿಟ್ಟಿತು. ಧ್ವಜ ಹಾರಿಸುವವನಿಗೆ ಜೈಲು, ಕತ್ತಿ ಹಿಡಿಯಿರಿ ಎನ್ನುವವನಿಗೆ ಮೆರವಣಿಗೆ.

1948ರ ಬೇಸಿಗೆಯ ಹೊತ್ತಿಗೆ ಮಾತು ಹಳ್ಳಿಗಳಿಗೆ ಇಳಿದಿತ್ತು. ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದ ಮೇಲೆ ರಜಾಕಾರರು ಬಿದ್ದರು. ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂಬುದು ಆ ಊರಿನ ನೆನಪು. ಮೇ 22ರಂದು ಮುಂಬಯಿ-ಮದ್ರಾಸ್ ಮಾರ್ಗದ ಮೇಲ್ ಗಾಡಿಯ ಮೇಲೆ ಗಾಣಗಾಪುರ ನಿಲ್ದಾಣದಲ್ಲಿ ದಾಳಿಯಾಯಿತು. ಅಕ್ಕಲಕೋಟೆ, ದುಧನಿ ಜನ ದತ್ತಾತ್ರೇಯನ ದರ್ಶನಕ್ಕೆ ಇಳಿಯುವ ನಿಲ್ದಾಣವದು. ದೇಶದ ಪತ್ರಿಕೆಗಳಿಗೆಲ್ಲ ಅಂದು ಆ ಹೆಸರು ಗೊತ್ತಾಯಿತು. ಆಳಂದ, ಉಮರ್ಗಾ, ತುಳಜಾಪುರ ಕಡೆಯ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದವು. ಸೊಲ್ಲಾಪುರ, ಬಾರ್ಶಿ, ಅಕ್ಕಲಕೋಟೆ ಸೀಮೆಗಳಲ್ಲಿ ನೆಂಟರ ಮನೆಯ ಪಡಸಾಲೆ, ಧರ್ಮಶಾಲೆ, ಮಠಗಳೇ ಆಸರೆ.

ಗಡಿಯ ಈಚೆ ಸ್ಟೇಟ್ ಕಾಂಗ್ರೆಸ್‌ನ ಶಿಬಿರಗಳಿದ್ದವು. ಅಲ್ಲಿಂದಲೂ ಬಂದೂಕು ಹಿಡಿದ ತಂಡಗಳು ರಾತ್ರಿ ಆಚೆ ಹೋಗಿ ನಿಜಾಮನ ಠಾಣೆ, ಕರೋಡಗಿರಿ ನಾಕೆಗಳ ಮೇಲೆ ಬೀಳುತ್ತಿದ್ದವು. ನಾಂದೇಡ ಜಿಲ್ಲೆಯ ಉಮ್ರಿಯಲ್ಲಿ ಬ್ಯಾಂಕನ್ನೇ ಲೂಟಿ ಮಾಡಿ ಹಣವನ್ನು ಚಳವಳಿಗೆ ತಂದಿದ್ದರು. ಈ ತಂಡಗಳಲ್ಲಿ ಎಲ್ಲರೂ ಶುದ್ಧ ದೇಶಭಕ್ತರೇ ಆಗಿರಲಿಲ್ಲ, ಆಚೆಯ ಸಾಮಾನ್ಯ ಮುಸಲ್ಮಾನ ರೈತನೂ ಇವರಿಗೆ ಅಂಜಿ ರಾತ್ರಿ ಕಳೆದ. ಅಂದು ಉಸ್ಮಾನಾಬಾದ್ ಕಲೆಕ್ಟರ್ ಆಗಿದ್ದ ಮೊಹಮ್ಮದ್ ಹೈದರ್ ತಮ್ಮ ನೆನಪಿನ ಪುಸ್ತಕದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಗಡಿ ದಾಳಿಯ ಒಂದೊಂದು ಸುದ್ದಿಯೂ ರಜ್ವಿಯ ಮುಂದಿನ ಭಾಷಣಕ್ಕೆ ಸರಕಾಗುತ್ತಿತ್ತು.

ಕಾನೂನಿನ ಕೈ ಯಾಕೆ ಮುಟ್ಟಲಿಲ್ಲ

ದಿಲ್ಲಿಯ ಮುಂದಿದ್ದ ತೊಡಕು ವಿಚಿತ್ರ. ಬ್ರಿಟಿಷರ ಕಾಲದ ಭಾರತೀಯ ದಂಡ ಸಂಹಿತೆಯಲ್ಲಿ ಕೋಮುಗಳ ನಡುವೆ ದ್ವೇಷ ಬಿತ್ತುವುದಕ್ಕೆ 153-ಎ ಕಲಮು 1898ರಿಂದಲೂ ಇತ್ತು. ಧಾರ್ಮಿಕ ಭಾವನೆಗೆ ಬೇಕೆಂದೇ ಧಕ್ಕೆ ತರುವುದಕ್ಕೆ 295-ಎ 1927ರಲ್ಲಿ ಸೇರಿತ್ತು. ರಜ್ವಿ ಅದೇ ಭಾಷಣವನ್ನು ಸೊಲ್ಲಾಪುರದಲ್ಲಿ ನಿಂತು ಮಾಡಿದ್ದರೆ ಅಲ್ಲಿಯ ಫೌಜದಾರ ಅವತ್ತೇ ಹಿಡಿದು ಒಳಗೆ ಹಾಕುತ್ತಿದ್ದ. ಆದರೆ ಆತ ಮಾತಾಡುತ್ತಿದ್ದುದು ಹೈದರಾಬಾದಿನಲ್ಲಿ. ಅಲ್ಲಿಯ ದಂಡ ಸಂಹಿತೆ ಬೇರೆ, ಕೋರ್ಟು ಬೇರೆ, ಪೋಲಿಸ್ ಬೇರೆ. ಮಾತು ಗಡಿ ದಾಟಿ ಬರುತ್ತಿತ್ತು, ವಾರಂಟು ಗಡಿ ದಾಟಿ ಹೋಗುತ್ತಿರಲಿಲ್ಲ.

1948ರಲ್ಲಿ ಮಾಡಿದ ಒಂದು ಭಾಷಣ ಪತ್ರಿಕೆಗಳಲ್ಲಿ ಬಂದು ದೊಡ್ಡ ಗದ್ದಲವೆದ್ದಿತು. ಬಂಗಾಳ ಕೊಲ್ಲಿಯ ಅಲೆ ನಿಜಾಮನ ಪಾದ ತೊಳೆಯುವ ದಿನ ಬರುತ್ತದೆ, ದಿಲ್ಲಿಯ ಕೆಂಪುಕೋಟೆಯ ಮೇಲೆ ಆಸಫ್‌ಜಾಹಿ ಬಾವುಟ ಹಾರುತ್ತದೆ ಎಂಬ ಧಾಟಿ ಅದರದು. ದಿಲ್ಲಿ ವಿವರಣೆ ಕೇಳಿತು. ವರದಿಯೇ ಸುಳ್ಳು ಎಂದು ಹೈದರಾಬಾದಿನ ಕಡೆಯವರು ಹೇಳಿದರು. ತನಿಖೆಯಿಲ್ಲ, ಮೊಕದ್ದಮೆಯಿಲ್ಲ. ಜೂನ್‌ನಲ್ಲಿ ಮೌಂಟ್‌ಬ್ಯಾಟನ್ ಹೊರಡುವ ಮುಂಚೆ ತಯಾರಾದ ಕೊನೆಯ ಕರಡು ಒಪ್ಪಂದದಲ್ಲಿ ರಜಾಕಾರ ದಳವನ್ನು ಹಂತಹಂತವಾಗಿ ಮುಚ್ಚುವ ಷರತ್ತಿತ್ತು. ಕರಡು ಸಾಕಷ್ಟು ಉದಾರವಾಗಿಯೇ ಇತ್ತು, ಪಟೇಲರು ಮನಸ್ಸಿಲ್ಲದೆ ಒಪ್ಪಿದ್ದರು. ನಿಜಾಮ ಸಹಿ ಹಾಕಲಿಲ್ಲ. ರಜಾಕಾರರನ್ನು ನಿಷೇಧಿಸಿ ಎಂದು ಸೆಪ್ಟೆಂಬರ್ ಮೊದಲ ವಾರ ದಿಲ್ಲಿ ಕೊನೆಯ ಸಲ ಕೇಳಿತು. ಅದಕ್ಕೂ ಇಲ್ಲವೆಂಬ ಉತ್ತರ ಬಂತು.

ರಜ್ವಿಗೆ ಇದಿರು ನಿಂತ ಮುಸಲ್ಮಾನರಿದ್ದರು ಎಂಬುದು ಹಲವು ಸಲ ಮರೆತುಹೋಗುತ್ತದೆ. ಆಗಸ್ಟ್‌ನಲ್ಲಿ ಏಳು ಮಂದಿ ಮುಸಲ್ಮಾನ ಗಣ್ಯರು ಸಹಿ ಹಾಕಿ, ರಜಾಕಾರರ ದಾಂಧಲೆ ನಿಲ್ಲಿಸಿ ಭಾರತದೊಂದಿಗೆ ಸೇರಬೇಕೆಂದು ಹೇಳಿಕೆ ಕೊಟ್ಟರು. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಅದನ್ನು ಅಚ್ಚು ಮಾಡಿದರು. ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಕೆಲವೇ ದಿನಗಳಲ್ಲಿ ರಜ್ವಿ ಹೈದರಾಬಾದಿನ ಒಂದು ಸಿನಿಮಾ ಥಿಯೇಟರಿನ ಸಭೆಯಲ್ಲಿ, ಇಂಥ ಬರಹ ಬರೆಯುವ ಕೈಗಳು ಉಳಿಯವು ಎಂಬರ್ಥದ ಮಾತಾಡಿದ. ಆಗಸ್ಟ್ 21ರ ರಾತ್ರಿ ಕಚೇರಿಯಿಂದ ಮನೆಗೆ ಹೋಗುತ್ತಿದ್ದ ಶೋಯಬುಲ್ಲಾ ಅವರನ್ನು ಗುಂಡಿಟ್ಟು, ಕೈ ಕಡಿದು ಕೊಂದರು. ಜೊತೆಗಿದ್ದ ಹೆಂಡತಿಯ ತಮ್ಮನಿಗೂ ಏಟು ಬಿತ್ತು.

ಸಭೆಯಲ್ಲಿ ಕೈ ಎಂದವನಿಗೂ ಬೀದಿಯಲ್ಲಿ ಕೈ ಕಡಿದವನಿಗೂ ಸಂಬಂಧವಿದೆ ಎಂಬುದು ಊರಿನ ಎಲ್ಲರಿಗೂ ಹೊಳೆಯಿತು. ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಬೇರೆ ಕೆಲಸ. ರಜ್ವಿ ಸ್ವತಃ ವಕೀಲ, ಈ ಅಂತರ ಅವನಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು.

ಸೆಪ್ಟೆಂಬರ್ 13ರ ನಸುಕಿನಲ್ಲಿ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಪಡೆ ಸೊಲ್ಲಾಪುರದಿಂದ ಹೊರಟಿತು. ಬೆಳಗಾಗುವುದರೊಳಗೆ ನಳದುರ್ಗದ ಬೋರಿ ನದಿಯ ಸೇತುವೆ ಕೈವಶ. ಮುಂದೆ ಉಮರ್ಗಾ, ಹುಮನಾಬಾದ್, ಜಹೀರಾಬಾದ್. ದಿಲ್ಲಿಯ ಮೇಲೆ ಬಾವುಟ ಹಾರಿಸುವ ಮಾತಾಡಿದವರು ಐದು ದಿನ ನಿಲ್ಲಲಿಲ್ಲ. ಟ್ಯಾಂಕುಗಳ ಎದುರು ಬರ್ಚಿ ಹಿಡಿದು ಬಂದ ಹುಡುಗರು ನೂರುಗಟ್ಟಲೆ ಸತ್ತರು. 17ರಂದು ನಿಜಾಮ ಸೋಲೊಪ್ಪಿದ. 18ರಂದು ಸೇನೆ ಹೈದರಾಬಾದ್ ಸೇರಿತು, ಬೆನ್ನಿಗೇ ರಜ್ವಿಯ ಬಂಧನವಾಯಿತು.

ಲಾತೂರು ತೆತ್ತ ಬೆಲೆ

ರಜ್ವಿ ಸೈನ್ಯದ ಕಾವಲಿನಲ್ಲಿ ಸುರಕ್ಷಿತವಾಗಿದ್ದ. ಅವನ ಹೆಸರಿನಲ್ಲಿ ಹಳ್ಳಿಗಳಲ್ಲಿ ಲೆಕ್ಕ ಚುಕ್ತಾ ಆಗುತ್ತಿತ್ತು. ನಿಜಾಮನ ಆಡಳಿತ ಬಿದ್ದು ಹೊಸ ಆಡಳಿತ ಬೇರೂರುವ ನಡುವಿನ ವಾರಗಳಲ್ಲಿ ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ಹಲ್ಲೆ, ಲೂಟಿ, ಕೊಲೆ ನಡೆದವು. ರಜಾಕಾರ ಯಾರು, ಅಲ್ಲದವ ಯಾರು ಎಂದು ಯಾರೂ ವಿಚಾರಿಸಲಿಲ್ಲ. ಗಡಿಯಾಚೆಯಿಂದ ಬಂದ ಗುಂಪುಗಳೂ ಇದರಲ್ಲಿದ್ದವು. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ನೋಡಿಬರಲು ಕಳಿಸಿದರು. ಅವರು 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಊರೂರು ತಿರುಗಿದರು. ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಅಂದಾಜು ಕೊಟ್ಟರು. ಅತಿ ಹೆಚ್ಚು ನೊಂದದ್ದು ಮೇಲೆ ಹೇಳಿದ ನಾಲ್ಕು ಜಿಲ್ಲೆ.

ರಜ್ವಿ ವಕೀಲಿ ಮಾಡಿದ ಲಾತೂರಿನ ಸ್ಥಿತಿ ಅವರ ವರದಿಯಲ್ಲಿ ಪ್ರತ್ಯೇಕವಾಗಿ ಬಂದಿದೆ. ಅಲ್ಲಿ ಕೊಲೆ ಇಪ್ಪತ್ತು ದಿನ ಮೀರಿ ನಡೆಯಿತು. ಸುಮಾರು ಹತ್ತು ಸಾವಿರ ಮುಸಲ್ಮಾನರಿದ್ದ ಊರಲ್ಲಿ ಸಮಿತಿ ಹೋದಾಗ ಮೂರು ಸಾವಿರ ಮಂದಿಯೂ ಸರಿಯಾಗಿ ಉಳಿದಿರಲಿಲ್ಲ. ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು, ಉಳಿದವರು ಓಡಿದ್ದರು. ಆತನ ಭಾಷಣ ಒಂದನ್ನೂ ಕೇಳದ ಹೆಂಗಸರು, ಮಕ್ಕಳು ಅವರಲ್ಲಿದ್ದರು. ಹಿಂದೂಗಳು ನೆರೆಯ ಮುಸಲ್ಮಾನರನ್ನು ಮನೆಯೊಳಗೆ ಅಡಗಿಸಿ ಉಳಿಸಿದ ಉದಾಹರಣೆಗಳನ್ನೂ ಸಮಿತಿ ಬರೆದಿದೆ. ನೇಕಾರರು ನೇಕಾರರನ್ನು ಕಾಪಾಡಿದ್ದನ್ನು ಅದು ನೆನೆದಿದೆ.

ಇನ್ನು ಮೊಕದ್ದಮೆಯ ವಿಚಾರ. ರಜ್ವಿಯನ್ನು ಸಾಮಾನ್ಯ ಕೋರ್ಟಿಗೆ ಒಪ್ಪಿಸದೆ ಮಿಲಿಟರಿ ಗವರ್ನರ್ ಆಡಳಿತದಲ್ಲಿ ರಚಿಸಿದ ವಿಶೇಷ ನ್ಯಾಯಮಂಡಳಿಯ ಮುಂದೆ ನಿಲ್ಲಿಸಲಾಯಿತು. ಭಾರತದ ಮೇಲೆ ಯುದ್ಧ ಸಾರಿದ, ದ್ವೇಷ ಬಿತ್ತಿದ ಭಾಷಣಗಳಿಗಾಗಿ ದೊಡ್ಡ ಮೊಕದ್ದಮೆ ನಡೆಯುತ್ತದೆಂದು ಎಣಿಸಿದವರಿಗೆ ನಿರಾಸೆಯಾಗಿರಬೇಕು. ತೂಗಿ ನಿಂತ ಆರೋಪಗಳು ಎರಡು ನಿರ್ದಿಷ್ಟ ಘಟನೆಗಳದು. ಒಂದು ಶೋಯಬುಲ್ಲಾ ಖಾನ್ ಕೊಲೆ. ಇನ್ನೊಂದು ಬೀಬಿನಗರ ಪ್ರಕರಣ. 1948ರ ಜನವರಿಯಲ್ಲಿ ರಜ್ವಿ ರೈಲಿನಲ್ಲಿ ಹೋಗುವಾಗ ನಲ್ಗೊಂಡ ಜಿಲ್ಲೆಯ ಬೀಬಿನಗರದಲ್ಲಿ ಜನ ಭಾರತದ ಪರ ಘೋಷಣೆ ಕೂಗಿದರು. ರಜಾಕಾರರು ಆ ಹಳ್ಳಿಗೆ ನುಗ್ಗಿ ಹೊಡೆದು, ಬೆಂಕಿಯಿಟ್ಟು, ಲೂಟಿ ಮಾಡಿದರು.

1950ರ ಸೆಪ್ಟೆಂಬರ್‌ನಲ್ಲಿ ನ್ಯಾಯಮಂಡಳಿ ಶಿಕ್ಷೆ ವಿಧಿಸಿತು. ಮೇಲ್ಮನವಿಯಲ್ಲಿ ಹೈದರಾಬಾದ್ ಹೈಕೋರ್ಟು ಕೊಲೆ ಪ್ರಕರಣದಿಂದ ರಜ್ವಿಯನ್ನು ಬಿಡುಗಡೆ ಮಾಡಿತು. ಉಳಿದದ್ದು ಬೀಬಿನಗರದ ದರೋಡೆ, ಏಳು ವರ್ಷದ ಕಠಿಣ ಸಜೆ. ರಾಜ್ಯವೊಂದನ್ನು ಅಲುಗಿಸಿದ ಮನುಷ್ಯ ಕಾನೂನಿನ ದಫ್ತರದಲ್ಲಿ ಒಬ್ಬ ದರೋಡೆಕೋರ.

ಅಲ್ಲಿಗೂ ಮುಗಿಯಲಿಲ್ಲ. ನ್ಯಾಯಮಂಡಳಿ ಕೆಲಸ ನಡೆಸಿದ್ದಾಗಲೇ 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಿತ್ತು. ಕಾನೂನಿನ ಮುಂದೆ ಎಲ್ಲರೂ ಸಮಾನ ಎನ್ನುವ 14ನೇ ವಿಧಿ ಇರುವಾಗ, ತನ್ನನ್ನು ಮಾತ್ರ ವಿಶೇಷ ಮಂಡಳಿಯ ಮುಂದೆ, ಬೇರೆ ಕಾರ್ಯವಿಧಾನದಲ್ಲಿ ವಿಚಾರಿಸಿದ್ದು ಸರಿಯೇ ಎಂದು ರಜ್ವಿ ಸುಪ್ರೀಂ ಕೋರ್ಟಿಗೆ ಹೋದ. ಮುಸಲ್ಮಾನರಿಗಷ್ಟೇ ಒಡೆತನ ಎಂದು ಸಾರಿದವನು ಸಮಾನತೆಯ ವಿಧಿ ಹಿಡಿದು ಬಂದದ್ದು ವಿಧಿಯ ಆಟವೇ ಸರಿ. ಆದರೆ ಕೋರ್ಟು ನಗಲಿಲ್ಲ. 1953ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅವನ ಅರ್ಜಿಯನ್ನು ಪೂರ್ತಿಯಾಗಿ ಆಲಿಸಿತು. ಬೇರೆ ಕಾರ್ಯವಿಧಾನದಿಂದ ಆರೋಪಿಗೆ ನಿಜವಾದ ಹಾನಿಯೇನೂ ಆಗಿಲ್ಲವೆಂದು ಮೂವರು ಶಿಕ್ಷೆ ಎತ್ತಿಹಿಡಿದರು. ವಿವಿಯನ್ ಬೋಸ್ ಸೇರಿ ಇಬ್ಬರು ಒಪ್ಪಲಿಲ್ಲ. ಎಂಥವನೇ ಆಗಲಿ, ಸಂವಿಧಾನ ಬಂದ ಮೇಲೆ ಅದರ ರಕ್ಷಣೆ ಅವನಿಗೂ ಸಲ್ಲಬೇಕು ಎಂಬುದು ಅವರ ನಿಲುವಿನ ತಿರುಳು. ಸೈಯದ್ ಕಾಸಿಂ ರಜ್ವಿ ವಿರುದ್ಧ ಹೈದರಾಬಾದ್ ರಾಜ್ಯ ಎಂಬ ಆ ತೀರ್ಪು 14ನೇ ವಿಧಿಯ ಆರಂಭದ ತೀರ್ಪುಗಳಲ್ಲೊಂದಾಗಿ ವರದಿಯಾಗಿದೆ. ಗೋರ್ಟಾ, ಗಾಣಗಾಪುರದ ಹೆಸರು ಅದರಲ್ಲಿ ಹುಡುಕಿದರೆ ಸಿಗುವ ಸಂಗತಿಯಲ್ಲ, ಮೊಕದ್ದಮೆ ಬೀಬಿನಗರದ್ದಷ್ಟೇ.

ಸಜೆಯ ದಿನಗಳು ಪುಣೆಯ ಯೆರವಡಾ ಜೈಲಿನಲ್ಲಿ ಕಳೆದವು. ಸೊಲ್ಲಾಪುರದವರಿಗೆ ಆ ಜೈಲು ಹೊಸದಲ್ಲ. 1930ರ ಮಾರ್ಷಲ್ ಲಾ ದಿನಗಳಲ್ಲಿ ಗಾಂಧಿ ಟೋಪಿ ಹಾಕಿದ್ದೇ ಅಪರಾಧವಾಗಿತ್ತು. ಆ ಗಲಭೆಯ ಮೊಕದ್ದಮೆಯಲ್ಲಿ ಮಲ್ಲಪ್ಪ ಧನಶೆಟ್ಟಿ, ಪತ್ರಕರ್ತ ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಅವರನ್ನು 1931ರ ಜನವರಿ 12ರಂದು ಅಲ್ಲಿಯೇ ಗಲ್ಲಿಗೇರಿಸಿದ್ದರು. ಹಿಂದೂ-ಮುಸ್ಲಿಂ ಒಂದಾಗಿ ನಿಂತದ್ದಕ್ಕೆ ಆ ನಾಲ್ವರನ್ನು ಸೊಲ್ಲಾಪುರ ಇಂದಿಗೂ ಒಟ್ಟಿಗೇ ನೆನೆಯುತ್ತದೆ.

1957ರ ಸೆಪ್ಟೆಂಬರ್ 11ರಂದು ರಜ್ವಿ ಯೆರವಡಾದಿಂದ ಹೊರಬಂದ. ಪಾಕಿಸ್ತಾನಕ್ಕೆ ಹೊರಡಬೇಕೆಂಬ ಷರತ್ತಿತ್ತು. ಹೈದರಾಬಾದಿನಲ್ಲಿ ಕೆಲವೇ ದಿನ ಉಳಿದು, ಅಳಿದುಳಿದ ಮಜ್ಲಿಸ್‌ನ ಹೊಣೆಯನ್ನು ವಕೀಲ ಅಬ್ದುಲ್ ವಾಹಿದ್ ಓವೈಸಿ ಅವರಿಗೆ ಒಪ್ಪಿಸಿದ. ಮುಂದೆ ಆ ಸಂಸ್ಥೆ ಸಂವಿಧಾನದಡಿ ಚುನಾವಣೆಗೆ ನಿಲ್ಲುವ ಪಕ್ಷವಾಯಿತು. ರಜ್ವಿ ಕರಾಚಿ ಸೇರಿದ. ಅಲ್ಲಿಯ ರಾಜಕೀಯದಲ್ಲಿ ಅವನಿಗೆ ಕುರ್ಚಿ ಹಾಕುವವರಿರಲಿಲ್ಲ. 1970ರ ಜನವರಿ 15ರಂದು ಕರಾಚಿಯಲ್ಲೇ ಸತ್ತ. ಹದಿನೆಂಟು ತಿಂಗಳು ಹೈದರಾಬಾದನ್ನು ಕುಣಿಸಿದವನು ಕೊನೆಯ ಹನ್ನೆರಡು ವರ್ಷ ಯಾರಿಗೂ ಬೇಡವಾಗಿ ಬದುಕಿದ.

ಅಂದಿನ 153-ಎ, 295-ಎ ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299ನೇ ಕಲಮುಗಳಾಗಿವೆ. ಸೆಪ್ಟೆಂಬರ್ 17 ಗಡಿಯ ಈಚೆ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ, ಆಚೆ ಕಲ್ಯಾಣ ಕರ್ನಾಟಕ ಉತ್ಸವ ದಿನ. ಧಾರಾಶಿವದಲ್ಲೂ ಕಲಬುರಗಿಯಲ್ಲೂ ಅಂದು ಧ್ವಜ ಏರುತ್ತದೆ. ಸುಂದರಲಾಲ್ ಸಮಿತಿಯ ವರದಿಯನ್ನು ಸರಕಾರ ಅಚ್ಚು ಹಾಕಿಸಲಿಲ್ಲ. ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದನ್ನು ತೆರೆದು ಓದಲು ಸಿಕ್ಕದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಲಾತೂರಿನ ಆ ಇಪ್ಪತ್ತು ದಿನ ಕಂಡವರಲ್ಲಿ ಹೆಚ್ಚಿನವರು ಉಳಿದಿರಲಿಲ್ಲ.